ದಪ್ಪಕ್ಕೆ ಒಪ್ಪಿದ ಅಕ್ಷರ, ಓರೆಗೆ ಒಗ್ಗದ ಅಕ್ಷರ

ದಪ್ಪಗೆ, ದುಂಡಗೆ ನಿಂತೂ ಕಣ್ಣಿಗೆ ಹಿತವಾಗುವ ಕನ್ನಡ ಫಾಂಟುಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ‘ಬಾಲೂ ತಮ್ಮ’ ಒಂದು. ಮುಂಬೈಯ ಏಕ್ ಟೈಪ್ ಸಂಸ್ಥೆ ಹಲವು ಭಾರತೀಯ ಲಿಪಿಗಳಿಗಾಗಿ ರೂಪಿಸಿದ ಬಾಲೂ ಕುಟುಂಬದ ಕನ್ನಡ ಕವಲು ಇದು. ಮುಕ್ತ ಪರವಾನಗಿಯಿರುವುದರಿಂದ ಎಲ್ಲರಿಗೂ ಉಚಿತ. ಮೊದಲು ಒಂದೇ ದಪ್ಪದಲ್ಲಿ ಬಂದದ್ದು, ‘ಬಾಲೂ ತಮ್ಮ 2’ ಆದಮೇಲೆ 400ರಿಂದ 800ರವರೆಗೆ ಐದು ದಪ್ಪಗಳಲ್ಲಿ ಸಿಗುತ್ತಿದೆ. ಓರೆ ರೂಪ, ಅಂದರೆ ಇಟಾಲಿಕ್, ಮಾತ್ರ ಅದರಲ್ಲಿಲ್ಲ.

ಈ ಅಕ್ಷರವನ್ನು ಪರೀಕ್ಷಿಸಲು ಕಲಬುರಗಿ ಜಿಲ್ಲೆಯ ಐದು ಊರುಗಳ ಹೆಸರೇ ಸಾಕು: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ. ವಾಡಿ ಎರಡೇ ಅಕ್ಷರದ ಊರು. 800ರ ದಪ್ಪದಲ್ಲಿ ಬರೆದರೆ ಓಡುವ ಬಸ್ಸಿನಿಂದಲೂ ಓದಬಹುದು. ಸೇಡಂ, ಚಿಂಚೋಳಿಗಳ ಸೊನ್ನೆ ಈ ಶೈಲಿಯಲ್ಲಿ ಹೊರಗಿನಿಂದ ಬಂದಂತೆ ಕಾಣುವುದಿಲ್ಲ, ಸುತ್ತಲಿನ ದುಂಡುಗಳ ನಡುವೆ ಸಹಜವಾಗಿ ಕೂರುತ್ತದೆ. ಗೆರೆಯ ದಪ್ಪ ಬಹುಮಟ್ಟಿಗೆ ಒಂದೇ ಸಮ ಇರುವುದೇ ಇದರ ದೊಡ್ಡ ಗುಣ.

ಅಪಾಯವೂ ಆ ದಪ್ಪದಲ್ಲೇ ಇದೆ. ಶಹಾಬಾದಿನ ಫರಸಿ ಕಲ್ಲು ಮಾರುವವರು ವಿಸಿಟಿಂಗ್ ಕಾರ್ಡಿನಷ್ಟು ಚಿಕ್ಕ ಜಾಗದಲ್ಲಿ ಅತಿ ದಪ್ಪ ಅಕ್ಷರ ಬಳಸಿದರೆ ‘ಫ’ದ ಕೆಳಗಿನ ಗೀಟು ಮುಚ್ಚಿಹೋಗಿ ‘ಪ’ ಆಗುತ್ತದೆ. ಧಾನ್ಯದ ಚೀಲದ ಮೇಲೆ ‘ಧ’ಕ್ಕೂ ಇದೇ ಗತಿ. ಸಣ್ಣ ಅಳತೆಗೆ 500 ಅಥವಾ 600 ಸಾಕು.

ನನ್ನ ನಿಜವಾದ ತಕರಾರು ಬಳಕೆಯ ಬಗ್ಗೆ. ಡಿಟಿಪಿ ಮಾಡುವಾಗ ವೇಗ, ಉತ್ಸಾಹ ತೋರಿಸಬೇಕೆಂದು ಈ ಅಕ್ಷರವನ್ನು ಕಂಪ್ಯೂಟರಿನಲ್ಲಿ ಬಲಕ್ಕೆ ವಾಲಿಸಿಬಿಡುತ್ತಾರೆ. ಆಗ ಗೆರೆಯ ಸಮತೆ ಕೆಡುತ್ತದೆ. ವಾಲಿದ ದಿಕ್ಕಿನ ಗೆರೆ ಸೊರಗಿ, ಅದಕ್ಕೆ ಎದುರು ದಿಕ್ಕಿಗೆ ಓರೆಯಾದದ್ದು ಉಬ್ಬುತ್ತದೆ. ಸೊನ್ನೆ ಸೊಟ್ಟ ಮೊಟ್ಟೆಯಾಗುತ್ತದೆ. ಚಿತ್ತಾಪುರದ ‘ತ್ತಾ’ದಲ್ಲಿ ಮೇಲ್ಭಾಗ ಬಲಕ್ಕೆ ಸರಿದರೆ ಕೆಳಗಿನ ‘ತ’ ಒತ್ತು ಎಡಕ್ಕೆ, ‘ಚಿ’ಯ ಕಡೆಗೆ ಜಾರುತ್ತದೆ. ಗೆರೆಗಿಂತ ಕೆಳಗಿಳಿಯುವ ಒತ್ತಕ್ಷರಗಳು ಇಷ್ಟೊಂದಿರುವ ಲಿಪಿಗೆ ಇದು ಸಣ್ಣ ಹಾನಿಯಲ್ಲ.

ಇಟಾಲಿಕ್ ಹುಟ್ಟಿದ್ದು ಹೀಗಲ್ಲ. 1501ರಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನೂಷಿಯಸ್ ವರ್ಜಿಲನ ಕೃತಿಯನ್ನು ಆ ಅಚ್ಚಿನಲ್ಲಿ ತಂದಾಗ, ಫ್ರಾಂಚೆಸ್ಕೊ ಗ್ರಿಫೊ ಕೈಬರಹವನ್ನು ನೋಡಿ ಪ್ರತಿ ಅಕ್ಷರವನ್ನೂ ಹೊಸದಾಗಿ ಕೊರೆದಿದ್ದ. ಬೋರ್ಡು ಬರೆಯುವ ನಮ್ಮ ಪೇಂಟರುಗಳೂ ಓರೆ ಅಕ್ಷರ ಬರೆಯುವಾಗ ಒತ್ತನ್ನು ಕಣ್ಣಳತೆಯಲ್ಲಿ ಅದರ ಜಾಗಕ್ಕೇ ಕೂರಿಸುತ್ತಾರೆ. ಆ ವಿವೇಕ ಸಾಫ್ಟ್‌ವೇರಿನ ಗುಂಡಿಗೆ ಇಲ್ಲ.

ಕನ್ನಡಕ್ಕೆ ಓರೆ ಅಕ್ಷರ ಬೇಡವೆಂದು ನಾನು ಹೇಳುತ್ತಿಲ್ಲ, ಬೇಕು. ಆದರೆ ಸೊನ್ನೆ, ಒತ್ತು, ದೀರ್ಘಗಳನ್ನು ಓರೆಗೆ ತಕ್ಕಂತೆ ಬೇರೆಯಾಗಿಯೇ ಬರೆದು ಕೊಡಬೇಕು. ಅಂಥ ಕೆಲಸಕ್ಕೆ ಹಣ, ಸಮಯ ಎರಡನ್ನೂ ಕನ್ನಡದ ಸಂಸ್ಥೆಗಳು ಒದಗಿಸಬೇಕು. ಅಲ್ಲಿಯವರೆಗೆ ಬಾಲೂ ತಮ್ಮನನ್ನು ನೆಟ್ಟಗೆ ನಿಲ್ಲಿಸಿಯೇ ಬಳಸೋಣ. ಒತ್ತು ಕೊಡಬೇಕಾದಲ್ಲಿ ಬಣ್ಣವಿದೆ, ಅಳತೆಯಿದೆ, ಐದು ದಪ್ಪಗಳೂ ಇವೆ.