ಟ್ಯಾಕ್ಸಿಯಿಂದ ಮೊದಲು ಇಳಿಯುವವರು ಯಾರು?

ಯುದ್ಧ ಮುಗಿದಿದೆ. ಒಂದೇ ಊರಿನ ಮೂವರು ಸೈನಿಕರು ಬಾಂಬರ್ ವಿಮಾನವೊಂದರಲ್ಲಿ ಜಾಗ ಗಿಟ್ಟಿಸಿಕೊಂಡು ಊರು ತಲುಪಿ, ಒಂದೇ ಟ್ಯಾಕ್ಸಿ ಹತ್ತಿದ್ದಾರೆ. ನಾವಿಕ ಹೋಮರ್‌ನ ಮನೆ ಮೊದಲು ಸಿಗುತ್ತದೆ. ಆದರೆ ಅವನಿಗೆ ಇಳಿಯಲು ಮನಸ್ಸಿಲ್ಲ. ಬುಚ್ ಅಂಕಲ್‌ನ ಬಾರಿಗೆ ಹೋಗಿ ಒಂದು ಸುತ್ತು ಕುಡಿದು ಬರೋಣವೇ ಎನ್ನುತ್ತಾನೆ. ವರ್ಷಗಟ್ಟಲೆ ಕನಸು ಕಂಡ ಬಾಗಿಲು ಎದುರಿಗಿದೆ, ಕಾಲು ಮಾತ್ರ ಏಳುತ್ತಿಲ್ಲ.

ವಿಲಿಯಂ ವೈಲರ್ 1946ರಲ್ಲಿ ನಿರ್ದೇಶಿಸಿದ ‘ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್’ ಚಿತ್ರದ ಜೀವ ಇರುವುದು ಈ ಹಿಂಜರಿಕೆಯಲ್ಲಿ. ಮೂರು ಗಂಟೆಗೆ ಸ್ವಲ್ಪವೇ ಕಡಿಮೆ ಇರುವ ಈ ಚಿತ್ರದಲ್ಲಿ ಒಂದೇ ಒಂದು ಕಾಳಗದ ದೃಶ್ಯವಿಲ್ಲ. ಬ್ಯಾಂಕ್ ಅಧಿಕಾರಿಯಾಗಿದ್ದ ಆಲ್ ಸೈನ್ಯದಲ್ಲಿ ಸಾರ್ಜೆಂಟ್. ಅಂಗಡಿಯಲ್ಲಿ ಸೋಡಾ ಕೊಡುತ್ತಿದ್ದ ಫ್ರೆಡ್ ವಾಯುಪಡೆಯಲ್ಲಿ ಕ್ಯಾಪ್ಟನ್. ಊರು ಇಬ್ಬರನ್ನೂ ಹಳೆಯ ಜಾಗಕ್ಕೇ ತಳ್ಳುತ್ತದೆ. ಎದೆಯ ಮೇಲೆ ಪದಕಗಳಿದ್ದ ಫ್ರೆಡ್ ವಾರಕ್ಕೆ 32.50 ಡಾಲರ್ ಸಂಬಳಕ್ಕೆ ಸೆಂಟಿನ ಬಾಟಲಿ ಮಾರಲು ನಿಲ್ಲುತ್ತಾನೆ. ಜಾಮೀನಿಲ್ಲದ ಮಾಜಿ ಸೈನಿಕನಿಗೆ ಜಮೀನು ಕೊಳ್ಳಲು ಸಾಲ ಕೊಟ್ಟ ಆಲ್‌ಗೆ ಮೇಲಧಿಕಾರಿಯಿಂದ ಬುದ್ಧಿಮಾತು ಸಿಗುತ್ತದೆ.

ಹೋಮರ್‌ಗೆ ಎರಡೂ ಕೈಗಳಿಲ್ಲ, ಉಕ್ಕಿನ ಕೊಕ್ಕೆಗಳಿವೆ. ಆ ಪಾತ್ರ ಮಾಡಿದ ಹೆರಾಲ್ಡ್ ರಸೆಲ್ ನಟನಲ್ಲ. 1944ರಲ್ಲಿ ತರಬೇತಿ ಶಿಬಿರದಲ್ಲಿ ಸ್ಫೋಟಕ ಸಿಡಿದು ನಿಜವಾಗಿಯೇ ಕೈ ಕಳೆದುಕೊಂಡವನು. ಮನೆಯಂಗಳದಲ್ಲಿ ಪ್ರೇಯಸಿ ವಿಲ್ಮಾ ಓಡಿಬಂದು ತಬ್ಬಿಕೊಂಡಾಗ ಅವನ ತೋಳುಗಳು ಜೋತುಬಿದ್ದೇ ಇರುತ್ತವೆ. ಮುಂದೊಂದು ರಾತ್ರಿ ಅವನು ಅವಳೆದುರು ಕೊಕ್ಕೆಗಳ ಪಟ್ಟಿ ಕಳಚಿಟ್ಟು, ಇನ್ನು ಬಾಗಿಲು ಮುಚ್ಚಿಕೊಂಡರೂ ತೆರೆಯಲಾಗದ ಮಗು ತಾನು ಎಂದು ತಿಳಿಸುತ್ತಾನೆ. ವಿಲ್ಮಾ ಅವನ ಅಂಗಿಯ ಗುಂಡಿ ಹಾಕುತ್ತಾಳೆ. ವೈಲರ್ ಅಲ್ಲಿ ಕಣ್ಣೀರನ್ನು ಹಿಂಡಲು ಹೋಗುವುದಿಲ್ಲ. ಕೆಲಸ ಮುಗಿಯುವವರೆಗೆ ನೋಡುತ್ತಾನೆ, ಅಷ್ಟೆ.

ಛಾಯಾಗ್ರಾಹಕ ಗ್ರೆಗ್ ಟೋಲೆಂಡ್ ಹತ್ತಿರದ್ದನ್ನೂ ದೂರದ್ದನ್ನೂ ಒಟ್ಟಿಗೆ ಸ್ಪಷ್ಟವಾಗಿ ಹಿಡಿಯುತ್ತಾನೆ. ಬಾರಿನಲ್ಲಿ ಹೋಮರ್ ಕೊಕ್ಕೆಗಳಿಂದ ಪಿಯಾನೊ ನುಡಿಸುತ್ತಿದ್ದಾನೆ. ಅದೇ ಚೌಕಟ್ಟಿನ ಹಿಂದಿನ ತುದಿಯಲ್ಲಿ, ಫೋನ್ ಬೂತಿನೊಳಗೆ, ಫ್ರೆಡ್ ಆಲ್‌ನ ಮಗಳೊಂದಿಗಿನ ಪ್ರೀತಿಯನ್ನು ಮುರಿದುಕೊಳ್ಳುತ್ತಿದ್ದಾನೆ. ಎರಡರ ನಡುವೆ ಆಲ್. ಯಾವುದನ್ನು ನೋಡಬೇಕೆಂದು ಚಿತ್ರ ಹೇಳುವುದಿಲ್ಲ. ಮನೆಯಲ್ಲೂ ಹೀಗೇ ಅಲ್ಲವೇ? ಒಬ್ಬರ ಸಂಭ್ರಮದ ಹಿಂದೆಯೇ ಇನ್ನೊಬ್ಬರ ಸಂಕಟ ನಿಂತಿರುತ್ತದೆ.

ಕನ್ನಡದಲ್ಲಿ ಯುದ್ಧವೆಂದೊಡನೆ ನೆನಪಾಗುವುದು ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’ (1990). ವಿಜಯನಗರದ ಕೊಡವ ಸಮಾಜದಲ್ಲಿ ಮದುವೆಯ ದಿನ ಕುಪ್ಯಚೇಲೆ ತೊಟ್ಟವರನ್ನು ನೋಡಿದಾಗಲೆಲ್ಲ ನನಗೆ ವಿಷ್ಣುವರ್ಧನ್‌ರ ಅಚ್ಚಪ್ಪ ನೆನಪಾಗುತ್ತಾನೆ. ಆ ಚಿತ್ರ ವೈಲರ್‌ಗೆ ಸಿಗದ ಒಂದನ್ನು ಹಿಡಿದಿದೆ. ಅಮೆರಿಕದ ಆ ಊರಿನ ಮೇಲೆ ಬಾಂಬು ಬಿದ್ದಿಲ್ಲ. ಅಲ್ಲಿ ಯುದ್ಧ ಬೇರೆ, ಮನೆ ಬೇರೆ. ಸುಹಾಸಿನಿಯವರ ಅನ್ನಪೂರ್ಣ ನರ್ಸ್. ಅವಳೂ ಗಾಯಗಳ ನಡುವಿನವಳೇ. ಅವರ ಮಗನನ್ನೂ ಯುದ್ಧ ಬಿಡುವುದಿಲ್ಲ. ಆದರೆ ಅದರ ದುಃಖ ಹಾಡಿನ ಎತ್ತರದಲ್ಲಿ ಬದುಕುತ್ತದೆ. ಗುಂಡಿ ಹಾಕುವುದು, ಸಂಬಳ ಎಣಿಸುವುದು ಆ ಎತ್ತರಕ್ಕೆ ಕಾಣುವುದಿಲ್ಲ. ನಮ್ಮ ಸಿನಿಮಾಕ್ಕೆ ಸೈನಿಕನನ್ನು ಕಳಿಸಿಕೊಡಲು ಗೊತ್ತು, ಹುತಾತ್ಮನಿಗೆ ಕೈಮುಗಿಯಲೂ ಗೊತ್ತು. ಬದುಕಿ ಬಂದವನೊಂದಿಗೆ ಊಟಕ್ಕೆ ಕೂರುವುದನ್ನು ಅದಿನ್ನೂ ಕಲಿಯಬೇಕು.

ವೈಲರ್‌ನ ಚಿತ್ರವೂ ಪೂರ್ತಿ ಪ್ರಾಮಾಣಿಕವಲ್ಲ. ಫ್ರೆಡ್‌ನ ಹೆಂಡತಿ ಮೇರಿಯನ್ನು ಮೋಜುಗಾತಿಯನ್ನಾಗಿಸಿ ಸುಲಭವಾಗಿ ದೂರ ಸರಿಸುತ್ತದೆ. ಗುಜರಿ ವಿಮಾನಗಳ ಬಯಲಿನಲ್ಲಿ, ಎಂಜಿನ್ ಕಳಚಿದ ಬಾಂಬರಿನೊಳಗೆ ಫ್ರೆಡ್ ತನ್ನ ದುಃಸ್ವಪ್ನದೊಂದಿಗೆ ಕುಳಿತಿರುವುದು ಅದ್ಭುತ ದೃಶ್ಯ. ಅದರ ಬೆನ್ನಿಗೇ ಅಲ್ಲೇ ಕೆಲಸ ಸಿಕ್ಕಿಬಿಡುವುದು ಮಾತ್ರ ತೀರಾ ಅನುಕೂಲದ್ದು. ನಿಜ ಬದುಕು ಅಷ್ಟು ಅನುಕೂಲದ್ದಲ್ಲ. ಈ ಪಾತ್ರಕ್ಕೆ ಎರಡು ಆಸ್ಕರ್ ಪಡೆದ ರಸೆಲ್, ಹೆಂಡತಿಯ ಚಿಕಿತ್ಸೆಯ ಖರ್ಚಿಗೆಂದು ಅವುಗಳಲ್ಲೊಂದನ್ನು 1992ರಲ್ಲಿ ಹರಾಜಿಗಿಟ್ಟ.

ಈ ಚಿತ್ರವನ್ನು ಮತ್ತೆ ನೋಡಿದ್ದು ನಮ್ಮ ಮನೆಯ ಹಾಲಿನಲ್ಲಿ, ಸೋದರಮಾವನ ಜೊತೆ. 1971ರ ಯುದ್ಧದ ಕಾಲಕ್ಕೆ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವರು. ಇಂಗ್ಲಿಷ್ ಅಷ್ಟಾಗಿ ಬಾರದು. ಟ್ಯಾಕ್ಸಿಯ ದೃಶ್ಯ ಬಂದಾಗ ಜೋರಾಗಿ ನಕ್ಕರು.

“ನಾನೂ ಹಂಗೇ ಕಣೋ. ಮೈಸೂರು ಸ್ಟೇಷನ್ನಲ್ಲಿ ಇಳಿದು ಎರಡು ಗಂಟೆ ಬೆಂಚಿನ ಮೇಲೆ ಕೂತಿದ್ದೆ.”

ಹಸಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ತಲೆಯೆತ್ತಿದರು. “ಅವತ್ತು ಟ್ರೈನ್ ಲೇಟು ಅಂದಿದ್ರಲ್ಲ?”

ಮಾವ ಉತ್ತರಿಸಲಿಲ್ಲ. ನಾನು ಸಿನಿಮಾ ನಿಲ್ಲಿಸಲು ಹೋದೆ. “ಬೇಡ, ಓಡಲಿ” ಎಂದರು ಅತ್ತೆ. ಮೊರವನ್ನು ಪಕ್ಕಕ್ಕಿಟ್ಟು ಬಂದು ಅವರ ಪಕ್ಕದಲ್ಲಿ ಕುಳಿತರು. ಅಷ್ಟರಲ್ಲಿ ಹೋಮರ್ ಟ್ಯಾಕ್ಸಿಯಿಂದ ಇಳಿಯುತ್ತಿದ್ದ.