ಓಟಗಾರನ ನಸುಕು, ನಮ್ಮ ನಸುಕು

ಜಪಾನಿನ ಕಾದಂಬರಿಕಾರ ಹರುಕಿ ಮುರಕಾಮಿ 2007ರಲ್ಲಿ ಓಟದ ಬಗ್ಗೆ ಒಂದು ಪುಸ್ತಕ ಬರೆದರು. ಮರುವರ್ಷ ಅದು 'ವಾಟ್ ಐ ಟಾಕ್ ಅಬೌಟ್ ವೆನ್ ಐ ಟಾಕ್ ಅಬೌಟ್ ರನ್ನಿಂಗ್' ಎಂದು ಇಂಗ್ಲಿಷಿಗೆ ಬಂತು. ಜಾಝ್ ಸಂಗೀತದ ಬಾರ್ ಮುಚ್ಚಿ ಬರವಣಿಗೆಗೆ ನಿಂತ ಅವರು 1982ರಲ್ಲಿ, 33ನೇ ವಯಸ್ಸಿಗೆ, ಓಡತೊಡಗಿದರು. ಪ್ರತಿಭೆ ನಮ್ಮ ಕೈಯಲ್ಲಿಲ್ಲ, ಏಕಾಗ್ರತೆ ಮತ್ತು ತಾಳಿಕೆಯನ್ನು ದಿನವೂ ದುಡಿದು ಗಳಿಸಬಹುದು ಎನ್ನುವುದು ಅವರ ಮಾತು. ಮಗ್ಗಿ ಬಾಯಿಪಾಠ ಮಾಡಿಸಿದ ಯಾವ ಶಿಕ್ಷಕಿಯಾದರೂ ಇದನ್ನು ಒಪ್ಪುತ್ತಾಳೆ.

ನಡೆಯುವಾಗ, ನಿಂತಾಗ, ಉಣ್ಣುವಾಗ ಎಚ್ಚರವಿರಲಿ ಎನ್ನುವ ಬೌದ್ಧರ ಸತಿಪಟ್ಠಾನ ಸುತ್ತದ ದಾರಿಯೂ ಇಂಥದೇ. ಅಂಥ ನಿತ್ಯನಿಯಮ ಮುರಕಾಮಿಯವರ ಮನೆಯಲ್ಲೇ ಇತ್ತು. ಅವರ ತಂದೆ ಶಿಕ್ಷಕರು, ಜೊತೆಗೆ ಬೌದ್ಧ ಪುರೋಹಿತರು. ಯುದ್ಧದಲ್ಲಿ ಸತ್ತ ತಮ್ಮವರಿಗೂ ಶತ್ರುಗಳಿಗೂ ಅವರು ದಿನಾ ಬೆಳಿಗ್ಗೆ ಪ್ರಾರ್ಥಿಸುತ್ತಿದ್ದರೆಂದು ಮಗ 2009ರಲ್ಲಿ ಜೆರುಸಲೇಮಿನಲ್ಲಿ ನೆನೆದರು. ಆ ಪ್ರಾರ್ಥನೆಯಲ್ಲಿ ಪರರಿಗೆ ಜಾಗವಿತ್ತು. ಓಟದ ಪುಸ್ತಕದ ತುಂಬ ಓಡುವವನೇ ಇದ್ದಾನೆ. ಅವನು ಬರುವಷ್ಟರಲ್ಲಿ ಒಲೆ ಹಚ್ಚಿದವರು ಯಾರೆಂಬ ಲೆಕ್ಕ ಅಲ್ಲಿಲ್ಲ.

ನಮ್ಮ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ಕೃಷ್ಣೆಗೆ ಬ್ಯಾರೇಜು ಕಟ್ಟಿಕೊಂಡರು. ಅದರ ಹೆಸರು ಶ್ರಮಬಿಂದು ಸಾಗರ. ಅಲ್ಲಿ ನಿಂತ ನೀರಿನ ಹಿಂದೆ ಹಲವರ ಬೆವರಿದೆ. ರೂಢಿಯೂ ಹಾಗೆಯೇ, ಒಬ್ಬರ ಓಟಕ್ಕೆ ಮನೆಮಂದಿಯ ದುಡಿಮೆ ಆಸರೆ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯುವ ನಮಗೆ ಏಕಾಗ್ರತೆ, ತಾಳಿಕೆ ಹೊಸವಲ್ಲ. ಇಲ್ಲದ್ದು ನಮ್ಮದೇ ಆದ ಅರ್ಧ ತಾಸು. ಆದ್ದರಿಂದ ಈ ಪುಸ್ತಕವನ್ನು ನೀವೂ ಓದಿರಿ, ಮನೆಯವರಿಗೂ ಓದಿಸಿರಿ. ಆಮೇಲೆ ಆ ಅರ್ಧ ತಾಸನ್ನು ಅವರಿಂದ ಕೇಳಿ ಪಡೆಯಿರಿ. ಹೊಳೆದಂಡೆಯಲ್ಲಿ ನಡೆದು ಬಂದು ನಾಲ್ಕು ಸಾಲು ಬರೆಯಲಿಕ್ಕೆ ಅಷ್ಟು ಸಾಕು.