ಮಲ್ಲಿಗೆಯಲ್ಲದ ಮಲ್ಲಿಗೆ

ಎಳೆಯದಾಗಿದ್ದಾಗ ಪೊದೆ, ಬೆಳೆದ ಮೇಲೆ ಕಾಷ್ಠಬಳ್ಳಿ. ಇದೇ ರಂಗೂನ್ ಮಲ್ಲಿಗೆ. ಅನೇಕರು ಹೆಸರು ನೋಡಿಯೇ ಇದನ್ನು ಮಲ್ಲಿಗೆಯ ಕುಟುಂಬಕ್ಕೆ ಸೇರಿಸಿಬಿಡುತ್ತಾರೆ. ನೀವು ಒಂದು ಹೂವನ್ನು ಬಿಡಿಸಿ ನೋಡಿ. ಮಲ್ಲಿಗೆಯ ದಳಗಳು ಬುಡದಲ್ಲಿ ಕೂಡಿ ಕೊಳವೆಯಾಗಿರುತ್ತವೆ, ಕೇಸರಗಳು 2. ಇಲ್ಲಿ 5 ಬಿಡಿ ದಳಗಳು, 10 ಕೇಸರಗಳು. ಬಿಳಿಯಾಗಿ ಅರಳಿದ ಹೂ ಕ್ರಮೇಣ ಕೆಂಪಾಗುತ್ತದೆ.

ಇದರ ನಿಜವಾದ ನೆಂಟರು ಮತ್ತಿ, ತಾರೆ, ಅಳಲೆ! 1762ರಲ್ಲಿ ಲಿನೇಯಸ್ ಇದನ್ನು ಕ್ವಿಸ್‌ಕ್ವಾಲಿಸ್ ಇಂಡಿಕ ಎಂದು ಕರೆದ. ಮೊದಲ ಪದಕ್ಕೆ ಲ್ಯಾಟಿನ್‌ನಲ್ಲಿ 'ಯಾರು? ಎಂಥದು?' ಎಂದರ್ಥ. ಈಗಿನ ಹೆಸರು ಕಾಂಬ್ರೀಟಮ್ ಇಂಡಿಕಮ್. ಸಂಬಂಧ ಸ್ಪಷ್ಟವಾದಂತೆ ವೈಜ್ಞಾನಿಕ ಹೆಸರೂ ತಿದ್ದುಪಡಿಯಾಗುತ್ತದೆ.

ರೂಢಿಯ ಹೆಸರು ತಪ್ಪಲ್ಲ. ಅದರಿಂದಲೇ ಕುಟುಂಬ ನಿರ್ಧರಿಸುವುದು ತಪ್ಪು. ಶಾಲಾ ತೋಟದ ಫಲಕದಲ್ಲಿ ಎರಡೂ ಹೆಸರುಗಳಿರಲಿ. ಕೇಸರಗಳನ್ನು ಮಾತ್ರ ವಿದ್ಯಾರ್ಥಿಗಳೇ ಎಣಿಸಲಿ.